ಧಾರವಾಡದ ಮಾಳಿಗೆಯಿಂದ ನೀಹಾರಿಕೆಯ ಫೋಟೊ ತೆಗೆಯುವುದು

ನಮ್ಮ ಓಣಿಗೆ ಎಲ್‌ಇಡಿ ದೀಪ ಬಂದ ಮೇಲೆ ಮಾಳಿಗೆಯಿಂದ ಬೆರಳಲ್ಲಿ ಎಣಿಸುವಷ್ಟೇ ನಕ್ಷತ್ರ ಕಾಣುತ್ತವೆ. ಆದರೂ ಸುಮಾರು 1,340 ಜ್ಯೋತಿರ್ವರ್ಷ ದೂರದ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆ, ಅಂದರೆ ಅನಿಲ-ಧೂಳಿನ ಹೊಳೆಯುವ ಮೋಡ, ಎಂ42, ಇಲ್ಲಿಂದಲೇ ಸಿಗುತ್ತದೆ. ಡಿಎಸ್‌ಎಲ್‌ಆರ್, 50 ಎಂಎಂ ಲೆನ್ಸ್, ಗಟ್ಟಿ ಟ್ರೈಪಾಡ್ ಸಾಕು. ಫ್ರೇಮ್‌ಗಳು ಮಾತ್ರ ನೂರಾರು ಬೇಕು.

ಎಳ್ಳ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಇದಕ್ಕೆ ಚಲೋ. ಚಂದ್ರ ಇರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಚರಗ ಚೆಲ್ಲಿ ಹೊಲದಿಂದ ಬಂದು ಊಟ ಮುಗಿಸಿ ಮಾಳಿಗೆ ಹತ್ತಿದರೂ ಟೈಮ್ ಇದೆ, ಯಾಕೆಂದರೆ ಮಹಾವ್ಯಾಧ ದಕ್ಷಿಣದಲ್ಲಿ ಪೂರ್ತಿ ಮೇಲೇರುವುದು 11ರ ಸುಮಾರಿಗೆ. ಆಗ ನೀಹಾರಿಕೆ 69 ಡಿಗ್ರಿ ಎತ್ತರದಲ್ಲಿರುತ್ತದೆ, ಹುಬ್ಬಳ್ಳಿ ಕಡೆಯ ಬೆಳಕಿನ ಮಬ್ಬಿಗಿಂತ ಎಷ್ಟೋ ಮೇಲೆ.

ಮೊದಲು ಫೋಕಸ್. ಲೆನ್ಸ್ ಮೇಲಿನ ಇನ್ಫಿನಿಟಿ ಗುರುತನ್ನು ನಂಬಬೇಡಿ. ಕ್ಯಾಮೆರಾವನ್ನು ಲುಬ್ಧಕ (ಸಿರಿಯಸ್) ನಕ್ಷತ್ರದ ಕಡೆ ತಿರುಗಿಸಿ, ಲೈವ್ ವ್ಯೂ 10 ಪಟ್ಟು ದೊಡ್ಡದು ಮಾಡಿ, ರಿಂಗನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ಬಾರೆಹಣ್ಣಿನಷ್ಟಿದ್ದ ಚುಕ್ಕೆ ಕಡಲೆಯಾಗುತ್ತದೆ, ಆಮೇಲೆ ಸಾಸಿವೆ. ಅಲ್ಲೇ ನಿಲ್ಲಿಸಿ ಟೇಪ್ ಹಚ್ಚಿ. ಟೇಪ್ ಹಚ್ಚದೆ ಒಮ್ಮೆ ನನ್ನ 400 ಫ್ರೇಮ್ ಮಸುಕಾಗಿ ಹೋದವು.

ಸೆಟ್ಟಿಂಗ್ ಎಫ್/2.8, ಐಎಸ್‌ಒ 1600, 4 ಸೆಕೆಂಡ್ ಎಕ್ಸ್‌ಪೋಶರ್, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್). ಅದಕ್ಕಿಂತ ಜಾಸ್ತಿ ತೆರೆದರೆ ಭೂಮಿ ತಿರುಗುವುದರಿಂದ ಚುಕ್ಕೆ ಗೆರೆಯಾಗುತ್ತದೆ. ಹಿಸ್ಟೋಗ್ರಾಮ್‌ನ (ಫೋಟೊದ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಗುಡ್ಡ ನಡುವನ್ನು ದಾಟಿದರೆ ಐಎಸ್‌ಒ ಇಳಿಸಿ. ಟೈಮರ್ ಹಾಕಿ ದೂರ ಕುಳಿತುಬಿಡಿ, ಪಕ್ಕದಲ್ಲಿ ಓಡಾಡಿದರೆ ಟ್ರೈಪಾಡ್ ನಡುಗುತ್ತದೆ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುವುದರಿಂದ 20 ನಿಮಿಷಕ್ಕೊಮ್ಮೆ ಎದ್ದು ನೀಹಾರಿಕೆಯನ್ನು ಮತ್ತೆ ನಡುವಿಗೆ ತನ್ನಿ. ಎಂ42ರ ನಡುಭಾಗ ಬೇಗ ಬೆಳ್ಳಗಾಗುತ್ತದೆ, ಅದಕ್ಕೆ 1 ಸೆಕೆಂಡಿನ 30 ಫ್ರೇಮ್ ಬೇರೆ ತೆಗೆದಿಡಿ.

ಇಷ್ಟೊಂದು ಯಾಕೆ ಅಂತೀರಾ? ಬೀದಿ ದೀಪದ ಮಬ್ಬನ್ನು ಕಂಪ್ಯೂಟರಿನಲ್ಲಿ ಕಳೆಯಬಹುದು, ಆದರೆ ಅದು ಬಿಟ್ಟುಹೋಗುವ ರವೆಯಂಥ ಕಾಳು (ನಾಯ್ಸ್) ಹಾಗೇ ಉಳಿಯುತ್ತದೆ. ಫ್ರೇಮ್‌ಗಳನ್ನು ಒಂದರ ಮೇಲೊಂದು ಸೇರಿಸಿದರೆ ಮಾತ್ರ ಅದು ಕಡಿಮೆಯಾಗುತ್ತದೆ, ನಾಲ್ಕು ಪಟ್ಟು ಫ್ರೇಮ್ ಹಾಕಿದರೆ ಅರ್ಧ. 900 ಫ್ರೇಮ್ ಅಂದರೆ ಒಂದು ಗಂಟೆಯ ಬೆಳಕು. ಹಳ್ಳಿಯ ಕಪ್ಪು ಆಕಾಶದಲ್ಲಿ ಇದರ ಸಣ್ಣ ಪಾಲು ಸಾಕಿತ್ತು, ನಮಗೆ ಸಾಲದು.

ಕೊನೆಗೆ ಲೆನ್ಸ್ ಮುಚ್ಚಿ 30 ಡಾರ್ಕ್, ಅಂದರೆ ಸೆನ್ಸರಿನದೇ ಕಲೆಗಳನ್ನು ಕಳೆಯಲು ಬೇಕಾದ ಕಪ್ಪು ಫ್ರೇಮ್. ಆಮೇಲೆ ಫೋಕಸ್ ಮುಟ್ಟದೆ ಲೆನ್ಸ್ ಬಾಯಿಗೆ ಬಿಳಿ ಧೋತರ ಬಿಗಿದು, ಲ್ಯಾಪ್‌ಟಾಪಿನ ಬಿಳಿ ಪರದೆಗೆ ಹಿಡಿದು 30 ಫ್ಲಾಟ್, ಅಂದರೆ ಒಂದೇ ಸಮ ಬೆಳಕಿನ ಫ್ರೇಮ್. ಫ್ಲಾಟ್ ಬಿಟ್ಟರೆ ಮೂಲೆಗಳ ಕಪ್ಪು ಹೋಗುವುದಿಲ್ಲ, ಮಬ್ಬೂ ಸರಿಯಾಗಿ ಕಳೆಯುವುದಿಲ್ಲ.

ಫಿಲ್ಟರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ನೀಹಾರಿಕೆಯ ಹೈಡ್ರೋಜನ್ನಿನ 656 ನ್ಯಾನೋಮೀಟರ್, ಆಕ್ಸಿಜನ್ನಿನ 500ರ ಸುತ್ತಲಿನ ಬೆಳಕನ್ನಷ್ಟೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಎಲ್‌ಇಡಿ ಬೆಳಕನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದಕ್ಕೆ ನಿಮಿಷಗಟ್ಟಲೆ ಎಕ್ಸ್‌ಪೋಶರ್ ಬೇಕು, ಅಂದರೆ ಆಕಾಶದ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಬೇಕು. ಮೊದಲು ಟ್ರ್ಯಾಕರಿಗೇ ದುಡ್ಡು ಕೂಡಿಸಿ. ಅದನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ನಿಲ್ಲಿಸಬೇಕು. ಆ ನಕ್ಷತ್ರ ನಮ್ಮಲ್ಲಿ ಬರೀ 15 ಡಿಗ್ರಿ ಎತ್ತರದಲ್ಲಿರುವುದರಿಂದ, ಉತ್ತರಕ್ಕೆ ಎದುರು ಮನೆಯ ನೀರಿನ ಟ್ಯಾಂಕ್ ಅಡ್ಡ ಬರುತ್ತದಾ ಅಂತ ಮೊದಲೇ ನೋಡಿಕೊಳ್ಳಿ.

ಫ್ರೇಮ್‌ಗಳನ್ನು ಸೇರಿಸಲು ಸಿರಿಲ್ ಎಂಬ ಸಾಫ್ಟ್‌ವೇರ್ ಇದೆ, ಪುಕ್ಕಟೆ. ಸೇರಿಸಿದ ಚಿತ್ರ ಮೊದಲು ಬರೀ ಕಪ್ಪಾಗಿ ಕಾಣುತ್ತದೆ, ಗಾಬರಿ ಬೇಡ. ಹಿನ್ನೆಲೆಯ ಮಬ್ಬು ಕಳೆದು ನಿಧಾನಕ್ಕೆ ಸ್ಟ್ರೆಚ್ ಮಾಡಿ (ಮಂಕಾದ ಭಾಗಗಳನ್ನು ಬೆಳಗಿಸಿ), ಮಹಾವ್ಯಾಧನ ಬೆಲ್ಟಿನ ಮೂರು ನಕ್ಷತ್ರಗಳ ಕೆಳಗೆ ತಿಳಿ ಗುಲಾಬಿ ರೆಕ್ಕೆ ಬಿಚ್ಚಿಕೊಳ್ಳುತ್ತಾ ಬರುತ್ತದೆ.