ಸ್ಟಾಕ್‌ಹೋಮ್‌ನಲ್ಲಿ ಬುತ್ತಿ ಕಟ್ಟಿಕೊಂಡು ತಿರುಗಿದ್ದು

ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಮಧ್ಯಾಹ್ನ ಒಂದು ಗಂಟೆಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಅವರನ್ನು ಜೂನ್ ತಿಂಗಳಲ್ಲಿ ಸ್ಟಾಕ್‌ಹೋಮ್‌ಗೆ ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದಾಗ, ದಿನವೂ ಹೋಟೆಲ್ ಹುಡುಕಿ ಅಲೆಯುವ ಗೋಜು ಬೇಡ, ಸಂತೆಯಲ್ಲಿ ಕೊಂಡು ಬಯಲಲ್ಲಿ ಕೂತು ಉಣ್ಣೋಣ ಎಂದು ತೀರ್ಮಾನಿಸಿದೆ. ಆ ಊರಿನ ಹೋಟೆಲ್ ದರಗಳನ್ನು ಬಲ್ಲವರಿಗೆ ಇದರ ಲಾಭ ಹೇಳಬೇಕಾಗಿಲ್ಲ. ಆದರೆ ನನಗೆ ಹಣಕ್ಕಿಂತ ಮುಖ್ಯವಾಗಿದ್ದುದು ಊರಿನವರ ನಡುವೆ, ಅವರು ಉಣ್ಣುವ ಹಾಗೆ ಉಣ್ಣುವುದು. ಬಿಸಿಲು ಬಂತೆಂದರೆ ಸ್ಟಾಕ್‌ಹೋಮ್‌ನ ಜನ ಹುಲ್ಲು, ಬಂಡೆ, ದೋಣಿಕಟ್ಟೆ ಎನ್ನದೆ ಎಲ್ಲೆಂದರಲ್ಲಿ ಬುತ್ತಿ ಬಿಚ್ಚುತ್ತಾರೆ.

ಹೊರಡುವ ಮೊದಲು ಮೆಟ್ರೋ ನಕ್ಷೆಯನ್ನು ಹರಡಿಕೊಂಡು ಒಂದು ಕೆಲಸ ಮಾಡಿದೆ. ಒಂದೊಂದು ಸಂತೆಗೂ ಅದೇ ಮಾರ್ಗದಲ್ಲಿ ಸಿಗುವ ಒಂದು ಕೂರುವ ಜಾಗವನ್ನು ಜೋಡಿ ಮಾಡಿಟ್ಟುಕೊಂಡೆ. ಕೈಯಲ್ಲಿ ಚೀಲ, ಪಕ್ಕದಲ್ಲಿ ವಯಸ್ಸಾದವರು ಇರುವಾಗ ರೈಲು ಬದಲಿಸದೆ ತಲುಪುವಂತಿರಬೇಕು.

ಮೊದಲ ಜೋಡಿ ಹಸಿರು ಮಾರ್ಗದ್ದು. ಹೋಟೋರ್ಯೆಟ್ ನಿಲ್ದಾಣದಿಂದ ಮೇಲೆ ಬಂದರೆ ಎದುರಿಗೇ ತೆರೆದ ಚೌಕ, ಅದರ ತುಂಬ ಹಣ್ಣು, ತರಕಾರಿ, ಹೂವು. ಚೌಕದ ಒಂದು ಬದಿಗೆ ನೀಲಿ ಬಣ್ಣದ ಸಂಗೀತ ಸಭಾಂಗಣವಿದೆ. ಶಾಂತಿಯದ್ದೊಂದನ್ನು ಬಿಟ್ಟು ಉಳಿದ ನೊಬೆಲ್ ಬಹುಮಾನಗಳನ್ನು ಕೊಡುವುದು ಅಲ್ಲಿಯೇ. ಸಿ.ವಿ. ರಾಮನ್ 1930ರಲ್ಲಿ ಬಹುಮಾನ ಸ್ವೀಕರಿಸಿದ್ದು ಇದೇ ಕಟ್ಟಡದಲ್ಲಿ ಎಂದಾಗ ಅಮ್ಮ ಚೆರ್ರಿ ಆರಿಸುವುದನ್ನು ಬಿಟ್ಟು ಆ ಕಂಬಗಳನ್ನೇ ನೋಡುತ್ತ ನಿಂತರು. ಬೆಂಗಳೂರಿನಲ್ಲಿ ಬೆಳೆದವರಿಗೆ ರಾಮನ್ ಪಕ್ಕದ ಬೀದಿಯವರೇ ತಾನೆ.

ಇಲ್ಲಿ ಸ್ಟ್ರಾಬೆರಿಯನ್ನು ತೂಕ ಮಾಡುವುದಿಲ್ಲ, ಲೀಟರ್ ಲೆಕ್ಕದ ಡಬ್ಬಿಯಲ್ಲಿ ಅಳೆದು ಕೊಡುತ್ತಾರೆ. ಬೆಳೆದ ದೇಶದ ಹೆಸರನ್ನು ಫಲಕದಲ್ಲಿ ಓದಿಯೇ ಕೊಳ್ಳಬೇಕು. ಬೆಲ್ಜಿಯಂ, ಹಾಲೆಂಡ್‌ಗಳದ್ದೂ ಪಕ್ಕದಲ್ಲೇ ಇರುತ್ತದೆ. ಜೂನ್ ಕೊನೆಯ ಸ್ವೀಡನ್ ಹಣ್ಣಿನ ಘಮ, ಸಿಹಿ ಅವಕ್ಕಿಲ್ಲ. ಬೆಲೆ ಹೆಚ್ಚಾದರೂ ನಾನು ಅದನ್ನೇ ಕೊಂಡೆ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ವ್ಯಾಪಾರಿಗಳು ದರ ಇಳಿಸಿ ಕೂಗತೊಡಗುತ್ತಾರೆ. ಮರುದಿನಕ್ಕೆ ಬೇಕಾದ ಸೌತೆಕಾಯಿ, ಟೊಮೆಟೊಗಳನ್ನು ಆಗಲೇ ತುಂಬಿಕೊಳ್ಳುತ್ತಿದ್ದೆ. ಭಾನುವಾರ ಮಾತ್ರ ತರಕಾರಿಯ ಜಾಗದಲ್ಲಿ ಹಳೆಯ ಸಾಮಾನುಗಳ ಸಂತೆ ನಡೆಯುತ್ತದೆ. ಅಂದಿನ ಬುತ್ತಿಗೆ ಶನಿವಾರವೇ ಸಿದ್ಧತೆ ಆಗಬೇಕು.

ಚೌಕದ ಪಕ್ಕದಲ್ಲೇ, ನೆಲದಡಿಯಲ್ಲಿ, ಹೋಟೋರ್ಯ್ಸ್‌ಹಾಲೆನ್ ಎಂಬ ಮುಚ್ಚಿದ ಮಾರುಕಟ್ಟೆ ಇದೆ. ಎಸ್ಕಲೇಟರ್‌ನಲ್ಲಿ ಇಳಿದರೆ ಮೀನು ಮಾಂಸದ ಮಳಿಗೆಗಳ ನಡುವೆ ಪಶ್ಚಿಮ ಏಷ್ಯಾದ ಅಂಗಡಿಗಳು: ಆಲಿವ್, ಹಮ್ಮಸ್, ಫಲಾಫೆಲ್. ಸಸ್ಯಾಹಾರಿಗಳಿಗೆ ಇಡೀ ಊರಿನಲ್ಲಿ ಇದಕ್ಕಿಂತ ಅನುಕೂಲವಾದ ಮಾರುಕಟ್ಟೆ ನನಗೆ ಸಿಗಲಿಲ್ಲ. ಇಲ್ಲಿಂದ ಅದೇ ಹಸಿರು ರೈಲಿನಲ್ಲಿ ಫ್ರಿಧೆಮ್ಸ್‌ಪ್ಲಾನ್‌ಗೆ ಹೋದರೆ ರೋಲಂಬ್ಸ್‌ಹೋವ್ ಉದ್ಯಾನ ನಡಿಗೆಯ ದೂರದಲ್ಲಿದೆ. ವಿಶಾಲವಾದ ಹುಲ್ಲುಹಾಸು, ಕೆಳಗೆ ನೀರು. ಕಾಡುಬಾತುಗಳೂ ಅಲ್ಲಿಯೇ ಮೇಯುತ್ತವೆ, ಅವುಗಳ ಹಿಕ್ಕೆ ನೋಡಿಕೊಂಡು ಚಾಪೆ ಹಾಸಬೇಕು.

ಎರಡನೆಯ ಜೋಡಿ ಕೆಂಪು ಮಾರ್ಗದ್ದು, ನನಗೆ ಅತ್ಯಂತ ಪ್ರಿಯವಾದದ್ದು. ಓಸ್ಟರ್ಮಾಲ್ಮ್‌ನ ಸಾಲುಹಾಲ್ ಎಂಬ ಮುಚ್ಚಿದ ಮಾರುಕಟ್ಟೆ 1888ರ ಇಟ್ಟಿಗೆಯ ಕಟ್ಟಡ. ವರ್ಷಗಟ್ಟಲೆ ದುರಸ್ತಿ ನಡೆದು 2020ರಲ್ಲಿ ಮತ್ತೆ ತೆರೆಯಿತು. ಒಳಗಿನ ಮರದ ಕೆತ್ತನೆಯ ಮಳಿಗೆಗಳನ್ನು ನೋಡಲಾದರೂ ಹೋಗಬೇಕು. ದರ ಮಾತ್ರ ಬಲು ಏರು. ಗಿಣ್ಣಿನ (ಚೀಸ್) ತುಂಡು ಮತ್ತು ಬ್ರೆಡ್ಡನ್ನಷ್ಟೇ ಇಲ್ಲಿ ಕೊಂಡೆ, ಉಳಿದದ್ದು ಬೀದಿಯ ಸೂಪರ್‌ಮಾರ್ಕೆಟ್‌ನಲ್ಲಿ. ಗಿಣ್ಣು ಕೊಳ್ಳುವಾಗ, ಹಾಲು ಒಡೆಯಲು ಕರುವಿನ ಹೊಟ್ಟೆಯ ಸತ್ವ ಬಳಸಿದ್ದಾರೆಯೇ ಎಂದು ಕೇಳಿದೆ. ಅಂಗಡಿಯಾಕೆ ಬೇಸರಿಸದೆ, ಬಳಸದೇ ಇರುವ ಎರಡು ಬಗೆಯನ್ನು ತೋರಿಸಿದರು. ಇಂಥದ್ದನ್ನು ಕೇಳಲು ಸಂಕೋಚ ಬೇಡ. ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ.

ಅಲ್ಲಿಂದ ಮರಿಯಾಟೋರ್ಯೆಟ್‌ಗೆ ನೇರ ರೈಲು, ಆಮೇಲೆ ಸ್ವಲ್ಪ ಏರು. ಮೊಂಟೇಲಿಯುಸ್‌ವೇಗನ್ ಎಂಬ ಕಾಲುದಾರಿ ಬೆಟ್ಟದ ಅಂಚಿನಲ್ಲಿ ಸುಮಾರು ಅರ್ಧ ಕಿಲೋಮೀಟರ್ ಸಾಗುತ್ತದೆ. ಕೆಳಗೆ ರಿದ್ದರ್‌ಫ್ಯೇರ್ಡೆನ್‌ನ ನೀರು, ಆಚೆ ದಡದಲ್ಲಿ ನಗರಸಭೆಯ ಕೆಂಪು ಗೋಪುರ. ಹೆಚ್ಚಿನವರು ಇನ್ನೂ ಪಶ್ಚಿಮಕ್ಕೆ ನಡೆದು ಶಿನ್ನಾರ್‌ವಿಕ್ಸ್‌ಬೆರ್ಯೆಟ್ ಎಂಬ ಬಂಡೆಯ ಮೇಲೆ ಕೂರುತ್ತಾರೆ. ನೋಟ ಅಲ್ಲಿ ಇನ್ನೂ ಚೆನ್ನ, ಆದರೆ ಬಂಡೆ ಓರೆ. ಮಂಡಿನೋವಿನ ಅಮ್ಮನಿಗೆ ಕಾಲುದಾರಿಯ ಬೆಂಚೇ ಸರಿ ಎನಿಸಿತು. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಹಾಗಾಗಿ ಮಧ್ಯಾಹ್ನದ ಊಟಕ್ಕಿಂತ ರಾತ್ರಿಯ ಊಟಕ್ಕೆ ಇದು ಹೇಳಿಮಾಡಿಸಿದ ಜಾಗ. ನೀರಿನ ಕಡೆಯ ಗಾಳಿ ಮಾತ್ರ ಬೇಸಿಗೆಯಲ್ಲೂ ಕೊರೆಯುತ್ತದೆ, ಶಾಲು ಬಿಟ್ಟು ಹೋಗಬಾರದು.

ಬುತ್ತಿಯಲ್ಲಿ ಏನಿತ್ತೆಂದರೆ: ಬೆಳಿಗ್ಗೆ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಅನ್ನ ಮಾಡಿ, ಫಿಲ್‌ಮ್ಯೋಲ್ಕ್ ಎಂಬ ಹುಳಿಹಾಲು ಬೆರೆಸಿ, ಊರಿಂದ ತಂದ ಸಾಸಿವೆ, ಇಂಗಿನ ಒಗ್ಗರಣೆ. ಅದು ನಮ್ಮ ಮೊಸರಿಗಿಂತ ತೆಳು, ಹುಳಿ ಹದ, ಮೊಸರನ್ನಕ್ಕೆ ಸೊಗಸಾಗಿ ಹೊಂದುತ್ತದೆ. ಗಟ್ಟಿ ಬೇಕೆಂದರೆ ಟರ್ಕಿಯ ಮೊಸರು ಎಂದು ಬರೆದಿರುವ ಡಬ್ಬಿ ಎಲ್ಲ ಅಂಗಡಿಗಳಲ್ಲೂ ಇದೆ. ಜೊತೆಗೆ ಸಬ್ಬಸಿಗೆ ಸೊಪ್ಪು ಹಾಕಿ ಬೇಯಿಸಿದ ಎಳೆ ಆಲೂಗಡ್ಡೆ. ಸಬ್ಬಸಿಗೆ ಅಲ್ಲಿಯ ನಿತ್ಯದ ಸೊಪ್ಪು ಎಂದು ಅಮ್ಮನಿಗೆ ಆದ ಸಂತೋಷ ಅರಮನೆ ನೋಡಿದಾಗಲೂ ಆಗಿರಲಿಲ್ಲ.

ಯೂರ್ಗೋರ್ಡನ್ ದ್ವೀಪಕ್ಕೆ ಬುತ್ತಿ ಒಯ್ಯಲಿಲ್ಲ. ಸ್ಲುಸ್ಸೆನ್‌ನಿಂದ ಹೊರಡುವ 82ನೇ ದೋಣಿಗೆ ಮೆಟ್ರೋ ಟಿಕೆಟ್ಟೇ ನಡೆಯುತ್ತದೆ. ದ್ವೀಪದ ಒಳಗೆ ರೋಸೆಂಡಾಲ್ ಎಂಬ ತೋಟವಿದೆ. ಅಲ್ಲಿ ಸೌದೆ ಒಲೆಯಲ್ಲಿ ಬೇಯಿಸಿದ ಬ್ರೆಡ್ ಸಿಗುತ್ತದೆ, ಸೇಬಿನ ಮರಗಳ ಕೆಳಗೆ ಕೂತು ತಿನ್ನಬಹುದು. ಹೂವನ್ನು ನಾವೇ ಕೊಯ್ದು ತೂಕಕ್ಕೆ ಹಣ ಕೊಡಬಹುದು.

ನೋಟು, ನಾಣ್ಯ ತೆಗೆದುಕೊಳ್ಳದ ಅಂಗಡಿಗಳೇ ಹೆಚ್ಚು, ಕಾರ್ಡ್ ಇರಲೇಬೇಕು. ಕುಡಿಯುವ ನೀರನ್ನು ಕೊಳ್ಳಬೇಡಿ, ನಲ್ಲಿಯದ್ದೇ ಸೊಗಸಾಗಿದೆ. ಪಾನೀಯದ ಖಾಲಿ ಡಬ್ಬಿ, ಬಾಟಲಿಗಳನ್ನು ಸೂಪರ್‌ಮಾರ್ಕೆಟ್‌ನ ಯಂತ್ರಕ್ಕೆ ಹಾಕಿದರೆ ಠೇವಣಿ ಹಣ ಮರಳುತ್ತದೆ.

ಆಗಸ್ಟ್ ಕೊನೆಯ ನಂತರ ಹೋಗುವವರಿಗೆ ಇನ್ನೊಂದು ಸಂತೆಯಿದೆ. ಶನಿವಾರಗಳಂದು ಸೋಡರ್ಮಾಲ್ಮ್‌ನ ಕತರೀನಾ ಬಾನ್‌ಗಾತಾ ಬೀದಿಯಲ್ಲಿ ಸುತ್ತಲಿನ ರೈತರೇ ಬಂದು ತಮ್ಮ ಬೆಳೆ ಮಾರುತ್ತಾರೆ. ಒಂದು ಸೆಪ್ಟೆಂಬರ್‌ನಲ್ಲಿ ನಾನು ಒಬ್ಬಳೇ ಹೋಗಿ ಸೇಬು, ಜೇನು, ಹಳದಿ ಅಣಬೆ ತಂದು, ಸನಿಹದ ವೀತಾಬೆರ್ಗ್ ಉದ್ಯಾನದಲ್ಲಿ ಸೋಫಿಯಾ ಚರ್ಚ್ ಇರುವ ಗುಡ್ಡದ ಇಳಿಜಾರಿನಲ್ಲಿ ಕೂತಿದ್ದೆ. ಆ ದಿನಗಳಲ್ಲಿ ಕಣಜಗಳು ಸಿಹಿಗೆ ಮುತ್ತುತ್ತವೆ. ಜೇನಿನ ಮುಚ್ಚಳ ಮನೆಗೆ ಬಂದ ಮೇಲೆಯೇ ತೆಗೆಯಿರಿ.