ಮೊದಲು ಕೆಳಗಿಳಿಯಿರಿ: ಹವ್ಯಾಸಕ್ಕೆ ಹಾಡುವವರು ದನಿ ಬೆಳೆಸಿಕೊಳ್ಳುವ ಬಗೆ

ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ದಿನಕ್ಕೆ 5 ಪೀರಿಯಡ್, ತರಗತಿಗೆ 60ರ ಹತ್ತಿರ ಮಕ್ಕಳು. ಸೋಮವಾರ ಸಂಜೆ ನಮ್ಮ ಓಣಿಯ ಅಕ್ಕನ ಬಳಗದಲ್ಲಿ ವಚನ ಹಾಡುತ್ತೇನೆ. ಪೇಟಿಯ (ಹಾರ್ಮೋನಿಯಂ) ಮುಂದೆ ಕೂತು ಸ್ವರ ಕಲಿಯಲು ಶುರು ಮಾಡಿದ್ದು 39ನೆಯ ವಯಸ್ಸಿನಲ್ಲಿ, ಈಗ ನನಗೆ 49. ನಡುವೆ ಒಮ್ಮೆ ದನಿ ಪೂರ್ತಿ ಕೆಟ್ಟಿತ್ತು. ಅದನ್ನು ಮತ್ತೆ ಕಟ್ಟಿಕೊಳ್ಳುವಾಗ ಕಲಿತದ್ದನ್ನು, ನನ್ನ ಹಾಗೆ ಕೆಲಸ, ಮನೆ ಎರಡರ ನಡುವೆ ಹಾಡುವವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ಬಳಗದಲ್ಲಿ ಪೇಟಿ ಯಾವಾಗಲೂ ಕರಿ ಐದರಲ್ಲೇ ಇರುತ್ತಿತ್ತು, ಅಂದರೆ ಐದನೆಯ ಕರಿ ಪಟ್ಟಿಯೇ ಎಲ್ಲರ ಷಡ್ಜ (ಸ). ಪೇಟಿಯಲ್ಲಿ ಒತ್ತುವ ಒಂದೊಂದು ಮನೆಗೂ ಪಟ್ಟಿ ಎನ್ನುತ್ತೇವೆ. ಮುಂದೆ ನಿಂತು ಹಾಡುವ ಇಬ್ಬರು ಹೆಣ್ಣುಮಕ್ಕಳ ದನಿಗೆ ಅದು ಒಪ್ಪುತ್ತಿತ್ತು, ಉಳಿದವರು ಅವರ ಹಿಂದೆ ಹೋಗುತ್ತಿದ್ದೆವು. ವಚನದ ಕೊನೆಗೆ ಅಂಕಿತ ಬರುವಾಗ ದನಿ ತಾರ ಗಾಂಧಾರಕ್ಕೆ, ಅಂದರೆ ಮೇಲಿನ ಸ್ಥಾಯಿಯ 'ಗ'ಕ್ಕೆ ಏರುತ್ತದೆ. ಅಲ್ಲಿ ನಾನು ಕೂಗುತ್ತಿದ್ದೆ. ಮರುದಿನ ತರಗತಿಯಲ್ಲಿ ದನಿ ಒಡೆದಿರುತ್ತಿತ್ತು, ಆ ಒಡೆದ ದನಿಯಲ್ಲೇ ಪಾಠ ಹೇಳುತ್ತಿದ್ದೆ. ಎರಡು ವರ್ಷ ಹೀಗೆ ನಡೆದು, ಒಂದು ಮಳೆಗಾಲದಲ್ಲಿ ಐದು ವಾರವಾದರೂ ಗೊಗ್ಗರು ಹೋಗಲಿಲ್ಲ. ಕಿವಿ-ಮೂಗು-ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, ಧ್ವನಿತಂತುಗಳ ಅಂಚಿನಲ್ಲಿ ಗಂಟು ಕಟ್ಟಲು ಶುರುವಾಗಿದೆ ಎಂದರು. ಹಾಡು ಬಂದ್, ಮಾತೂ ಎಷ್ಟು ಬೇಕೋ ಅಷ್ಟೇ. ದನಿ ತಿದ್ದುವ ಥೆರಪಿಸ್ಟ್ ಹತ್ತಿರ ಎರಡು ತಿಂಗಳು ಹೋದೆ. ಅದಾದ ಮೇಲೆ ನನ್ನ ಗುರುಗಳ ಮುಂದೆ ಕೂತು ಹಳೆಯ ಅಭ್ಯಾಸದಂತೆ ಕರಿ ಐದಕ್ಕೆ ಬಾಯಿ ತೆರೆದಾಗ ಅವರು ಪೇಟಿ ಮುಚ್ಚಿದರು. "ತಂಗಿ, ಇದು ಯಾರ ಪಟ್ಟಿ? ನಿಂದು ಎಲ್ಲೈತಿ, ಮೊದಲ ಅದನ್ನ ಹುಡುಕು" ಎಂದರು.

ನೀವೂ ಅಲ್ಲಿಂದಲೇ ಶುರು ಮಾಡಿ.

ಸಂಜೆ ಹೊತ್ತು, ದನಿ ಸಹಜವಾಗಿರುವಾಗ, ಪೇಟಿ ಅಥವಾ ಫೋನಿನ ಕೀಬೋರ್ಡ್ ಹಿಡಿದು ಕೂತುಕೊಳ್ಳಿ. ಆರಾಮಾಗಿರುವ ಒಂದು ಸ್ವರದಿಂದ ಕರಿ, ಬಿಳಿ ಎರಡನ್ನೂ ಲೆಕ್ಕಕ್ಕೆ ಹಿಡಿದು ಒಂದೊಂದೇ ಪಟ್ಟಿ ಕೆಳಗಿಳಿಯಿರಿ. ಪ್ರತಿ ಸ್ವರದಲ್ಲೂ ನಿಮ್ಮ ಹೆಸರನ್ನೋ ಊರಿನ ಹೆಸರನ್ನೋ ಹಾಡಿ. ಅಕ್ಷರ ಸ್ಪಷ್ಟವಾಗಿ ಕೇಳುವ ಕೊನೆಯ ಸ್ವರ ಯಾವುದೋ ಅದೇ ನಿಮ್ಮ ಮಂದ್ರ ಪಂಚಮ (ಕೆಳಗಿನ ಸ್ಥಾಯಿಯ 'ಪ'). ಅದಕ್ಕಿಂತ ಕೆಳಗೆ ಬರೀ ಗೊರಗೊರ ಸದ್ದು ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿಂದ ಐದು ಪಟ್ಟಿ ಮೇಲೆ ಎಣಿಸಿದರೆ ನಿಮ್ಮ ಷಡ್ಜ. ನನಗೆ ಕೆಳಗಿನ ಬಿಳಿ ಒಂದು ಸಿಕ್ಕಿತು, ಹಾಗಾಗಿ ಷಡ್ಜ ಬಿಳಿ ನಾಲ್ಕು. ಮೈಸೂರು ಕಡೆಯವರು ನಾಲ್ಕು ಮನೆ ಶ್ರುತಿ ಎನ್ನುವುದು ಇದನ್ನೇ. ನಾನು ಹಾಡುತ್ತಿದ್ದ ಕರಿ ಐದು ಇದಕ್ಕಿಂತ ಐದು ಪಟ್ಟಿ ಮೇಲಿದೆ. ಬಿಳಿ ನಾಲ್ಕರಲ್ಲಿ ತಾರ ಗಾಂಧಾರ ಹಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 440 ಸಲ ಒಂದಕ್ಕೊಂದು ಬಡಿಯುತ್ತವೆ, ಕರಿ ಐದರಲ್ಲಿ ಅದೇ ಗಾಂಧಾರಕ್ಕೆ ಸುಮಾರು 587 ಸಲ. ಪ್ರತಿ ಸೆಕೆಂಡಿಗೆ ನೂರೈವತ್ತರ ಹತ್ತಿರ ಹೆಚ್ಚಿನ ಏಟು, ಅದೂ ಜೋರಾಗಿ ಕೂಗುತ್ತ. ಗಂಟು ಕಟ್ಟಿದ್ದು ಯಾಕೆ ಎಂದು ನನಗೆ ಅರ್ಥವಾದದ್ದು ಈ ಲೆಕ್ಕ ಹಾಕಿದ ಮೇಲೆ.

ಗಂಡಸರ ಷಡ್ಜ ಸಾಮಾನ್ಯವಾಗಿ ಬಿಳಿ ಒಂದರಿಂದ ಬಿಳಿ ಎರಡರ ಆಸುಪಾಸು, ಹೆಂಗಸರದು ಕರಿ ಮೂರರಿಂದ ಬಿಳಿ ಆರರ ಆಸುಪಾಸು ಇರುತ್ತದೆ. ನಿಮ್ಮದು ಇದರ ಹೊರಗಿದ್ದರೆ ಗಾಬರಿ ಬೇಡ. ಗಂಗೂಬಾಯಿ ಹಾನಗಲ್ಲರ ಮೊದಲ ಗ್ರಾಮಫೋನ್ ತಟ್ಟೆಗಳು 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಬಂದವು. ಅವುಗಳಲ್ಲಿ ಕೇಳುವುದು ತೆಳ್ಳಗಿನ, ಎತ್ತರದ ದನಿ. ಆಮೇಲೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಇಳಿಯಿತು. ಜಗತ್ತು ಕಿವಿಗೊಟ್ಟು ಕೇಳಿದ್ದು ಆ ಇಳಿದ ದನಿಯನ್ನು. ಎರಡೂ ಕಾಲದ ಧ್ವನಿಮುದ್ರಣಗಳನ್ನು ಒಂದರ ಹಿಂದೊಂದು ಕೇಳಿ. ನನ್ನ ದನಿ ದಪ್ಪ ಎಂಬ ಸಂಕೋಚ ನನಗೆ ಹೋದದ್ದು ಹಾಗೆ. ಇನ್ನೊಂದು ಮಾತು: ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಬಹಳ ಹೆಣ್ಣುಮಕ್ಕಳ ದನಿ ಒಂದೆರಡು ಪಟ್ಟಿ ಇಳಿಯುತ್ತದೆ. ಹತ್ತು ವರ್ಷದ ಹಿಂದಿನ ಪಟ್ಟಿಗೆ ಅಂಟಿಕೊಳ್ಳದೆ ವರ್ಷಕ್ಕೊಮ್ಮೆ ಹೊಸದಾಗಿ ಹುಡುಕಿಕೊಳ್ಳಿ.

ಖರ್ಜ

ಖರ್ಜ ಎಂದರೆ ಮಂದ್ರದ, ಕೆಳಗಿನ ಸ್ವರಗಳ ಅಭ್ಯಾಸ. ಮೇಲೆ ಏರಬೇಕೆಂದು ಬಂದವಳಿಗೆ ಗುರುಗಳು ಮೂರು ತಿಂಗಳು ಕೆಳಗಷ್ಟೇ ಹಾಡಿಸಿದರು. ಬೆಳಿಗ್ಗೆ ಎದ್ದು ಮುಖ ತೊಳೆದು, ಒಂದು ಲೋಟ ಉಗುರುಬೆಚ್ಚಗಿನ ನೀರು ಕುಡಿದು, ತಂಬೂರಿ ಹಚ್ಚಿ ಕೂರುವುದು. ನನ್ನದು ಫೋನಿನ ತಂಬೂರಿ. ಮಧ್ಯ ಷಡ್ಜ ಒಂದು ಉಸಿರು. ಆಮೇಲೆ ಮಂದ್ರ ನಿಷಾದ, ಧೈವತ, ಪಂಚಮ, ಒಂದೊಂದಕ್ಕೂ ಒಂದೊಂದು ಉಸಿರು. ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಎಲ್ಲವೂ 'ಆ'ಕಾರದಲ್ಲಿ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗದಷ್ಟು ಮೆತ್ತಗೆ. 15 ನಿಮಿಷ ಸಾಕು. ರೊಟ್ಟಿ ತಟ್ಟುವ ಮೊದಲು ನನಗೆ ಸಿಗುತ್ತಿದ್ದದ್ದೂ ಅಷ್ಟೇ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಗದ್ದವನ್ನು ಎದೆಗೆ ಒತ್ತಿ, ಗಂಟಲನ್ನು ಕೆಳಗೆ ದಬ್ಬಿ ದಪ್ಪ ದನಿ ಹೊರಡಿಸುವುದು. ಗಂಟಲಿನ ಉಬ್ಬಿನ ಮೇಲೆ ಎರಡು ಬೆರಳು ಇಟ್ಟುಕೊಳ್ಳಿ. ಅದು ತಾನಾಗಿ ತುಸು ಇಳಿದರೆ ಸರಿ, ಬಿಗಿದರೆ ಅಲ್ಲಿಗೆ ನಿಲ್ಲಿಸಿ. ಮಂದ್ರದಲ್ಲಿ ದನಿ ಬರುವುದೇ ಸಡಿಲ ಬಿಟ್ಟಾಗ. ಗಂಟಲು ಸಡಿಲ ಬಿಡುವುದು ಎಂದರೇನು ಎಂದು ದೇಹಕ್ಕೆ ಗೊತ್ತಾಗುವುದು ಇಲ್ಲಿ. ಆ ಗುರುತು ಸಿಕ್ಕಮೇಲೇ ಮೇಲೆ ಹೋದಾಗ ಬಿಗಿತ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತದೆ. ಮೂರು ತಿಂಗಳ ಕೊನೆಗೆ ನನಗೆ ಕೆಳಗೆ ಸಿಕ್ಕಿದ್ದು ಒಂದೇ ಒಂದು ಪಟ್ಟಿ. ಆದರೆ ಮೇಲೆ ನಾನು ಏನೂ ಮಾಡದೆ ಎರಡು ಪಟ್ಟಿ ಸಲೀಸಾಗಿತ್ತು.

ಉಸಿರಿನ ಬಗ್ಗೆ ಉದ್ದ ಬರೆಯುವುದಿಲ್ಲ. ಬೆನ್ನ ಮೇಲೆ ಮಲಗಿ ಹೊಟ್ಟೆಯ ಮೇಲೆ ಒಂದು ಪುಸ್ತಕ ಇಡಿ. ನಾನು ಹತ್ತನೆಯ ತರಗತಿಯ ಪಠ್ಯಪುಸ್ತಕವನ್ನೇ ಇಡುತ್ತಿದ್ದೆ. ಉಸಿರು ಒಳಗೆ ಹೋದಾಗ ಪುಸ್ತಕ ಏಳಬೇಕು, ಭುಜ ಏಳಬಾರದು. ಆಮೇಲೆ ಹಲ್ಲಿನ ಸಂದಿಯಿಂದ 'ಸ್ಸ್ಸ್' ಎಂದು ಒಂದೇ ಸಮನೆ ಬಿಡುತ್ತ ಎಣಿಸಿ. ನನ್ನದು 11 ಸೆಕೆಂಡಿನಿಂದ ಶುರುವಾಗಿ ಆರು ತಿಂಗಳಿಗೆ 24ಕ್ಕೆ ಬಂತು. ತುಂಬಾ ಉಸಿರು ತುಂಬಿಕೊಂಡರೆ ಅದು ಹೊರಬೀಳಲು ಗಂಟಲನ್ನೇ ನೂಕುತ್ತದೆ. ಹಿಡಿತದಲ್ಲಿ ಬಿಡುವುದನ್ನು ಕಲಿಯಿರಿ.

ದನಿ ಮುರಿಯುವ ಜಾಗ

ತಂಬೂರಿಯ ಖರ್ಜದ (ಕೆಳಗಿನ ಷಡ್ಜದ) ತಂತಿ ದಪ್ಪ ಹಿತ್ತಾಳೆಯದು, ಮಧ್ಯ ಷಡ್ಜದ ಜೋಡಿ ತಂತಿಗಳು ತೆಳು ಉಕ್ಕಿನವು. ಖರ್ಜದ ತಂತಿಯನ್ನೇ ತಿರುವಿ ತಿರುವಿ ಜೋಡಿಯ ಷಡ್ಜಕ್ಕೆ ಏರಿಸಲು ಹೋದರೆ ಅದು ಹರಿಯುತ್ತದೆ. ನಮ್ಮ ಗಂಟಲಿನಲ್ಲಿ ತಂತಿ ಬದಲಿಸಲು ಬರುವುದಿಲ್ಲ, ಇರುವ ಎರಡು ಮಡಿಕೆಗಳೇ ಕೆಳಗೆ ಗಿಡ್ಡಾಗಿ ದಪ್ಪಗಾಗುತ್ತವೆ, ಮೇಲೆ ಹೋದಂತೆ ಉದ್ದಕ್ಕೆ ಎಳೆದು ತೆಳ್ಳಗಾಗುತ್ತವೆ. ಒಂದು ಸ್ನಾಯು ದಪ್ಪ ಮಾಡುತ್ತದೆ, ಇನ್ನೊಂದು ಎಳೆಯುತ್ತದೆ. ಕೆಲಸ ಒಂದರಿಂದ ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ದನಿ ಮುರಿಯುತ್ತದೆ. ನನಗೆ ಅದು ನಿಷಾದದಿಂದ ತಾರ ರಿಷಭದವರೆಗೆ. ಗಂಡಸರಿಗೆ ತಾರ ರಿಷಭ ದಾಟಿದ ಮೇಲೆ ಬರುವುದು ಹೆಚ್ಚು. ಕೂಗುವುದೆಂದರೆ ದಪ್ಪವನ್ನು ಬಿಡದೆ, ಗಾಳಿ ನೂಕಿ ಅದನ್ನೇ ಮೇಲಕ್ಕೆ ಒಯ್ಯುವುದು.

ನನ್ನ ಥೆರಪಿಸ್ಟ್ ಕಲಿಸಿದ ಉಪಾಯ ಎಳನೀರು ಕುಡಿಯುವ ಸ್ಟ್ರಾ. ಅರ್ಧ ಲೋಟ ನೀರಿಗೆ ಸ್ಟ್ರಾದ ತುದಿಯನ್ನು ಎರಡು ಬೆರಳಗಲ ಮುಳುಗಿಸಿ, ಇನ್ನೊಂದು ತುದಿಯನ್ನು ತುಟಿಯಲ್ಲಿ ಬಿಗಿ ಹಿಡಿದು 'ಊ' ಎಂದು ಹಾಡುವುದು. ಗುಳ್ಳೆಗಳು ಒಂದೇ ಸಮನೆ ಏಳಬೇಕು. ಬಾಯಿಯ ದಾರಿ ಕಿರಿದಾದ್ದರಿಂದ ಗಾಳಿಯ ಒತ್ತಡ ಹಿಂದಿರುಗಿ ಧ್ವನಿತಂತುಗಳಿಗೆ ಆಸರೆ ಕೊಡುತ್ತದೆ, ಅವು ಜೋರಾಗಿ ಬಡಿದುಕೊಳ್ಳುವುದಿಲ್ಲ. ಸ್ಟ್ರಾದಲ್ಲಿ ಹಾಡುವ ಅಭ್ಯಾಸವನ್ನು ಜಗತ್ತಿನ ಗಾಯಕರಲ್ಲಿ ಹೆಚ್ಚು ಬಳಕೆಗೆ ತಂದವರಲ್ಲಿ ಅಮೆರಿಕದ ಧ್ವನಿವಿಜ್ಞಾನಿ ಇಂಗೋ ಟಿಟ್ಸೆ ಒಬ್ಬರು. ಸ್ಟ್ರಾ ಇಲ್ಲದಿದ್ದರೆ, ಮಕ್ಕಳು ಬಸ್ಸು ಓಡಿಸುವಾಗ ತುಟಿಯಲ್ಲಿ 'ಬುರ್ರ್' ಅನ್ನಿಸುತ್ತಾರಲ್ಲ, ಅದೇ ಆಗುತ್ತದೆ.

ಪಂಚಮದಿಂದ ತಾರ ಷಡ್ಜಕ್ಕೆ ನಿಧಾನ ಮೀಂಡಿನಲ್ಲಿ, ಅಂದರೆ ದನಿ ಕಡಿಯದೆ ಜಾರಿಸುತ್ತ ಏರಿ, ಇಳಿಯಿರಿ. ಮುರಿಯುವ ಜಾಗದಲ್ಲಿ ದನಿ ಸಣ್ಣದಾದರೆ ಆಗಲಿ, ತಡೆಯಬೇಡಿ. ಒಂದು ವಾರ ಸ್ಟ್ರಾದಲ್ಲೇ. ಮುಂದಿನ ವಾರ ಸ್ಟ್ರಾ ತೆಗೆದು ಬರೀ 'ಊ'. ಆಮೇಲೆ 'ಓ', ಕೊನೆಗೆ 'ಆ'. 'ಆ' ತೆರೆದ ಸ್ವರವಾದ್ದರಿಂದ ಕೂಗುವ ಚಟ ಅದರಲ್ಲೇ ಬೇಗ ಮರಳುತ್ತದೆ. ಮರಳಿದರೆ ಮತ್ತೆ 'ಊ'ಗೆ ಹೋಗಿ. ನಾನು ಇದರಲ್ಲಿ ಐದು ತಿಂಗಳು ಕಳೆದೆ, ಒಂದು ದಿನವೂ ವ್ಯರ್ಥವಾಗಿಲ್ಲ.

ಇದು ಹಿಡಿತಕ್ಕೆ ಬಂದ ಮೇಲೆ ಪಲಟಾ, ಅಂದರೆ ಸ್ವರಗಳ ಸಣ್ಣ ಜೋಡಣೆಯನ್ನು ಮತ್ತೆ ಮತ್ತೆ ಹಾಡುವ ಅಭ್ಯಾಸ. 'ಸ ರೆ ಗ ರೆ ಸ' ನಿಮ್ಮ ಷಡ್ಜದಲ್ಲಿ ಒಮ್ಮೆ, ಒಂದು ಪಟ್ಟಿ ಮೇಲೆ ಒಮ್ಮೆ, ಹೀಗೆ ಪಟ್ಟಿ ಏರಿಸುತ್ತ ಹೋಗಿ. ಕನ್ನಡಿ ಎದುರಿಗಿರಲಿ. ಗದ್ದ ಮೇಲೆದ್ದರೆ, ಕತ್ತಿನ ನರ ಕಂಡರೆ, ಹುಬ್ಬು ಏರಿದರೆ ಅದೇ ಆ ದಿನದ ಗಡಿ. ಅಲ್ಲಿಂದ ಎರಡು ಪಟ್ಟಿ ಹಿಂದೆ ಬಂದು ಹತ್ತು ಸಲ ಹಾಡಿ. ಗಡಿಯ ಮೇಲೆ ಅಭ್ಯಾಸ ಮಾಡಬೇಡಿ. ನಾನು ನೋಟ್‌ಬುಕ್ಕಿನಲ್ಲಿ ತಾರೀಖು, ಆ ದಿನದ ಕೆಳಗಿನ ಪಟ್ಟಿ, ಮೇಲಿನ ಪಟ್ಟಿ ಬರೆದಿಡುತ್ತೇನೆ. ಪರೀಕ್ಷೆಯ ಪೇಪರ್ ತಿದ್ದುವ ತಿಂಗಳಲ್ಲಿ ನಿದ್ದೆ ಕಡಿಮೆಯಾಗಿ ಮೇಲಿನ ಪಟ್ಟಿ ಒಂದೂವರೆ ವಾರ ಇಳಿದದ್ದು ಅದರಲ್ಲಿ ಕಾಣುತ್ತದೆ. ತಿಂಗಳಿಗೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹಾಡುವಾಗ ನಮ್ಮ ದನಿ ನಮಗೆ ತಲೆಬುರುಡೆಯ ಮೂಲಕವೂ ಕೇಳುವುದರಿಂದ ನಿಜ ತಿಳಿಯುವುದಿಲ್ಲ.

ಕರ್ನಾಟಕ ಸಂಗೀತ ಕಲಿಯುತ್ತಿರುವವರ ಕೈಯಲ್ಲಿ ಇದೆಲ್ಲ ಆಗಲೇ ಇದೆ. ಮಾಯಾಮಾಳವಗೌಳದ ಸರಳೆ, ಜಂಟಿ ಆದ ಮೇಲೆ ಬರುವ ಹೆಚ್ಚುಸ್ಥಾಯಿ, ತಗ್ಗುಸ್ಥಾಯಿ ವರಿಸೆಗಳು ಇರುವುದೇ ಇದಕ್ಕೆ. ಗೀತೆಗೆ ಹೋಗುವ ಅವಸರದಲ್ಲಿ ತಗ್ಗುಸ್ಥಾಯಿಯನ್ನು ಹಾರಿಸಿದವರನ್ನು ಬಹಳ ನೋಡಿದ್ದೇನೆ. ಹಿಂದಿರುಗಿ ಅದನ್ನು 'ಆ'ಕಾರದಲ್ಲಿ, ಮೂರು ಕಾಲದಲ್ಲಿ (ಮೂರು ವೇಗದಲ್ಲಿ) ಹಾಡಿ.

ಮಾತು ಉಳಿಯಬೇಕು

ನಾನು ಕನ್ನಡ ಟೀಚರು, ಇದನ್ನು ಹೇಳದೆ ಬಿಡಲಾರೆ. ಸ್ವರ ಮುಟ್ಟಿತು, ಶಬ್ದ ಹೋಯಿತು ಎಂದರೆ ಆ ಪಟ್ಟಿ ಇನ್ನೂ ನಿಮ್ಮದಾಗಿಲ್ಲ. ಕನ್ನಡದ ಶಬ್ದಗಳು ಬಹುಪಾಲು ಸ್ವರಾಕ್ಷರದಲ್ಲೇ ಮುಗಿಯುತ್ತವೆ, ಹಾಡುವವರಿಗೆ ಅದು ದೊಡ್ಡ ಆಸ್ತಿ. ವ್ಯಂಜನವನ್ನು ಚುರುಕಾಗಿ ಮುಟ್ಟಿ ಸ್ವರದ ಮೇಲೆ ನಿಲ್ಲಿ. 'ಳ', 'ಣ' ಮೇಲೆ ನಿಂತರೆ ನಾಲಿಗೆ ಹಿಂದಕ್ಕೆ ಮಡಿದು ಗಂಟಲು ಕಟ್ಟುತ್ತದೆ. ತಾರಸ್ಥಾಯಿಯಲ್ಲಿ 'ನೀ', 'ದೀ' ಬಂದರೆ ದನಿ ಹಿಂಡಿದಂತಾಗುತ್ತದೆ. ಆಗ ಕೆಳದವಡೆಯನ್ನು ಒಂದು ಬೆರಳು ಹೆಚ್ಚು ಇಳಿಸಿ, 'ಈ'ಯನ್ನು 'ಏ'ಯ ಕಡೆಗೆ ತುಸು ವಾಲಿಸಿ. ಕೇಳುವವರಿಗೆ 'ಈ' ಎಂದೇ ಕೇಳುತ್ತದೆ. ವಚನಕ್ಕೆ ಹಾಡಿನಂತೆ ಕಟ್ಟುನಿಟ್ಟಾದ ಛಂದಸ್ಸಿಲ್ಲ, ಉಸಿರು ಅರ್ಥದ ಜೊತೆ ಹೋಗಬೇಕು. ಹಾಡುವ ಮೊದಲು ಗಟ್ಟಿಯಾಗಿ ಓದಿ, ಉಸಿರು ತೆಗೆದುಕೊಳ್ಳುವಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿ. 'ಕೂಡಲ' ಎಂದು ಉಸಿರೆಳೆದು 'ಸಂಗಮದೇವಾ' ಎನ್ನಬೇಡಿ, ಅಂಕಿತಕ್ಕೆ ಮೊದಲೇ ಉಸಿರು ಕೂಡಿಟ್ಟುಕೊಳ್ಳಿ.

ಆರೈಕೆಯ ಮಾತು ಸ್ವಲ್ಪ. ಮೆಣಸಿನ ಕಷಾಯ, ಜೇನುತುಪ್ಪ ಗಂಟಲಿಗೆ ಹಿತ ಕೊಡುತ್ತವೆ, ಆದರೆ ಧ್ವನಿತಂತು ಗಾಳಿಯ ದಾರಿಯಲ್ಲಿದೆ, ನುಂಗಿದ್ದು ಅದನ್ನು ಮುಟ್ಟುವುದಿಲ್ಲ. ಕುಡಿದ ನೀರು ಮೈಗೆ ಹತ್ತಿ ಅಲ್ಲಿಗೆ ತಲುಪಲು ಹೊತ್ತು ಬೇಕು, ಆದ್ದರಿಂದ ಸಂಜೆಯ ಹಾಡಿಗೆ ಬೆಳಿಗ್ಗೆಯಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಬಿಸಿನೀರಿನ ಹಬೆ ನೇರ ತಲುಪುತ್ತದೆ. ಖಾಕರಿಸಿ ಗಂಟಲು ಸರಿಮಾಡಿಕೊಳ್ಳುವುದು ತಂತುಗಳಿಗೆ ದೊಡ್ಡ ಪೆಟ್ಟು, ಬದಲಿಗೆ ಒಂದು ಗುಟುಕು ನೀರು ನುಂಗಿ. ರಾತ್ರಿ ಹತ್ತಕ್ಕೆ ರೊಟ್ಟಿ, ಕೆಂಪುಚಟ್ನಿ ಉಂಡು ಕೂಡಲೇ ಮಲಗುವುದನ್ನು ಬಿಟ್ಟ ಮೇಲೆ ನನ್ನ ಬೆಳಗಿನ ಗೊಗ್ಗರು ಅರ್ಧ ಹೋಯಿತು, ಆಮ್ಲ ಮೇಲೆ ಬಂದು ಗಂಟಲು ಸುಡುತ್ತಿದ್ದದ್ದು ನಿಂತಿತು. ಶಿಕ್ಷಕರು ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ತೆಗೆದುಕೊಳ್ಳಿ, ನಾಚಿಕೆ ಬೇಡ. ನೆಗಡಿ ಇದ್ದಾಗ ಹಾಡಬೇಡಿ, ಪಿಸುಮಾತಿನಲ್ಲೂ ಎಳೆಯಬೇಡಿ. ಗೊಗ್ಗರು ಮೂರು ವಾರ ದಾಟಿದರೆ ಮನೆಮದ್ದು ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗೇ ಚಿಕಿತ್ಸೆ ಕೊಡುತ್ತಾರೆ.

ಕಾರ್ಯಕ್ರಮದ ದಿನ ಪೇಟಿಯವರಿಗೆ ನಿಮ್ಮ ಪಟ್ಟಿ ಯಾವುದೆಂದು ಮೊದಲೇ ಹೇಳಿ. ಕರೋಕೆಯಾದರೆ ಆ್ಯಪಿನಲ್ಲಿ ಪಟ್ಟಿ ಇಳಿಸುವ ಗುಂಡಿ ಇರುತ್ತದೆ, ಹಾಡಿನ ಅತಿ ಎತ್ತರದ ಸ್ವರ ನಿಮ್ಮ ಗಡಿಗಿಂತ ಎರಡು ಪಟ್ಟಿ ಕೆಳಗೆ ಬೀಳುವಷ್ಟು ಇಳಿಸಿಕೊಳ್ಳಿ. ನಮ್ಮ ಬಳಗದಲ್ಲಿ ಇದನ್ನು ಕೇಳಲು ನನಗೆ ಒಂದು ವರ್ಷ ಧೈರ್ಯ ಬರಲಿಲ್ಲ. ಈಗ ಸೋಮವಾರ ಮೊದಲರ್ಧ ಕರಿ ಐದು, ಆಮೇಲೆ ಬಿಳಿ ನಾಲ್ಕು. ಬಿಳಿ ನಾಲ್ಕಕ್ಕೆ ಇಳಿದ ಮೊದಲ ಸಂಜೆ, ವರ್ಷಗಟ್ಟಲೆ ಬರೀ ತಾಳ ಹಾಕುತ್ತ ಹಿಂದೆ ಕೂರುತ್ತಿದ್ದ ಹಿರಿಯರೊಬ್ಬರು ಅಂಕಿತ ಬಂದಾಗ ತಾಳ ತೊಡೆಯ ಮೇಲಿಟ್ಟು ಹಾಡಿದರು. ಅವರಿಗೆ ಅಂಥ ದನಿ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.