ಅಗಲಿದ ಯಹೂದಿ ಹಿರಿಯರೊಬ್ಬರನ್ನು ಸ್ಮರಿಸುವ ಕ್ರಮ

ಸಿನಗಾಗ್ ಎಂಬ ತಮ್ಮ ಪ್ರಾರ್ಥನಾ ಮಂದಿರಕ್ಕೂ ನೆರೆಹೊರೆಗೂ ದಶಕಗಳ ಕಾಲ ಆಸರೆಯಾಗಿದ್ದ ಯಹೂದಿ ಮಹಿಳೆಯೊಬ್ಬರು ತೀರಿಕೊಂಡಾಗ, ಅವರ ನೆನಪಿಗೆ ಏನಾದರೂ ಮಾಡಬೇಕೆಂಬ ಬಯಕೆ ಆ ಸಮುದಾಯದ ಹೊರಗಿನ ಆಪ್ತರಲ್ಲೂ ಹುಟ್ಟುತ್ತದೆ. ನಮ್ಮ ಊರುಗಳಲ್ಲಿ ಇಂಥ ಹೊತ್ತಿನಲ್ಲಿ ಮೊದಲು ನೆನಪಾಗುವುದು ಹೂವಿನ ಹಾರ ಮತ್ತು ಹಾರ ಹಾಕಿದ ಭಾವಚಿತ್ರ. ಸಾಂಪ್ರದಾಯಿಕ ಯಹೂದಿ ಮನೆಗಳಲ್ಲಿ ಇವೆರಡೂ ರೂಢಿಯಲ್ಲಿಲ್ಲ. ಅಲ್ಲಿ ಶೋಕಕ್ಕೆ ಏಳು ದಿನ, ಮೂವತ್ತು ದಿನ, ಒಂದು ವರ್ಷ ಎಂಬ ಮೆಟ್ಟಿಲುಗಳಿವೆ. ನಾವು ಮಾಡುವುದು ಈ ಮೆಟ್ಟಿಲುಗಳಿಗೆ ಹೊಂದಿಕೊಂಡಿದ್ದರೆ ಮನೆಯವರಿಗೆ ಅದು ಹೊರೆಯಾಗುವುದಿಲ್ಲ.

ಅಂತ್ಯಕ್ರಿಯೆ ಸಾಧ್ಯವಾದಷ್ಟು ಬೇಗ ನಡೆಯುತ್ತದೆ, ಆದರೆ ಶನಿವಾರ ನಡೆಯುವುದಿಲ್ಲ. ಹೋಗುವ ಗಂಡಸರು ತಲೆಗೆ ಟೋಪಿಯನ್ನೋ ಕರವಸ್ತ್ರವನ್ನೋ ಹಾಕಿಕೊಳ್ಳಬೇಕು.

ಸಮಾಧಿಯಾದ ದಿನದಿಂದ ‘ಶಿವಾ’ ಎಂಬ ಏಳು ದಿನಗಳ ಶೋಕ ಆರಂಭವಾಗುತ್ತದೆ. ಹತ್ತಿರದ ಬಂಧುಗಳು ಮನೆಯಲ್ಲೇ ತಗ್ಗಾದ ಆಸನಗಳ ಮೇಲೆ ಕೂರುತ್ತಾರೆ, ಕನ್ನಡಿಗಳಿಗೆ ಬಟ್ಟೆ ಮುಚ್ಚುವ ರೂಢಿಯೂ ಬಹಳ ಕಡೆ ಇದೆ. ಒಳಗೆ ಹೋದವರು ಕುಶಲ ವಿಚಾರಿಸದೆ ಸುಮ್ಮನೆ ಕುಳಿತು, ಶೋಕದಲ್ಲಿರುವವರೇ ಮೊದಲು ಮಾತನಾಡುವವರೆಗೆ ಕಾಯಬೇಕು. ಇದು ಕೇಳಲು ಸುಲಭ, ಪಾಲಿಸಲು ಕಷ್ಟ. ಮೌನವನ್ನು ತುಂಬಲು ‘ವಯಸ್ಸಾಗಿತ್ತು, ಬಿಡಿ’ ಎನ್ನುವ ಚಪಲ ನಮಗೆಲ್ಲರಿಗೂ ಇದೆ. ದಫನದ ನಂತರದ ಮೊದಲ ಊಟವನ್ನು ನೆರೆಯವರೇ ತಂದುಕೊಡುವುದು ಪದ್ಧತಿ. ಬೇಯಿಸಿದ ಮೊಟ್ಟೆ, ಬೇಳೆಯಂಥ ದುಂಡಗಿನ ಆಹಾರ ಅದರಲ್ಲಿರುತ್ತದೆ. ಆಹಾರ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಮನೆಯಾದರೆ ಹೊರಗಿನ ಅಡುಗೆ ಅಲ್ಲಿ ನಡೆಯುವುದಿಲ್ಲವಾದ್ದರಿಂದ, ಕೇಳಿ ತಿಳಿಯುವ ಅವಕಾಶವಿಲ್ಲದಿದ್ದಲ್ಲಿ ಹೆಚ್ಚದ ಹಣ್ಣುಗಳನ್ನು ಒಯ್ಯುವುದು ಕ್ಷೇಮ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗೆ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಇರುವುದರಿಂದ ಆ ಹೊತ್ತಿನಲ್ಲಿ ಸಾಂತ್ವನಕ್ಕೆಂದು ಹೋಗಬಾರದು.

ನುಡಿನಮನ ಬರೆಯುವ ಅಥವಾ ಮಾತನಾಡುವ ಕೋರಿಕೆ ನಿಮಗೆ ಬರಬಹುದು. ಯಹೂದಿ ಧರ್ಮಶಾಸ್ತ್ರ ಈ ವಿಷಯದಲ್ಲಿ ಸೊಗಸಾದ ಎಚ್ಚರಿಕೆಯೊಂದನ್ನು ಕೊಡುತ್ತದೆ: ಸತ್ತವರ ಗುಣಗಳನ್ನು ಸ್ವಲ್ಪ ಹೆಚ್ಚಿಸಿ ಹೇಳಬಹುದು, ಇಲ್ಲದ ಗುಣಗಳನ್ನು ಹೊರಿಸಬಾರದು. ಹೆಂಗಸರ ನುಡಿನಮನದಲ್ಲಿ ಬೈಬಲಿನ ಜ್ಞಾನೋಕ್ತಿಗಳ 31ನೇ ಅಧ್ಯಾಯದ ಗುಣವತಿಯಾದ ಸ್ತ್ರೀಯ ಸ್ತುತಿಯನ್ನು ಓದುವುದುಂಟು. ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಸಾಗುವ ಆ 22 ವಚನಗಳು ಸುಂದರವಾಗಿವೆ, ಆದರೆ ಅವು ಯಾರಿಗಾದರೂ ಹೊಂದುತ್ತವೆ. ಅವುಗಳಷ್ಟನ್ನೇ ಓದಿ ಮುಗಿಸಿದರೆ ಈ ಒಬ್ಬರು ಯಾರಾಗಿದ್ದರೆಂದು ಕೇಳುಗರಿಗೆ ತಿಳಿಯುವುದಿಲ್ಲ. ‘ದಯಾಮಯಿ’ ಎಂಬ ವಿಶೇಷಣವನ್ನು ಬಿಟ್ಟು, ಆ ದಯೆ ಕೆಲಸವಾಗಿ ಕಂಡ ಒಂದು ಗಳಿಗೆಯನ್ನು ಬರೆಯಿರಿ. ಹೀಬ್ರೂ ಓದಲು ಬಾರದ ಹೊಸಬರು ಸಿನಗಾಗ್‌ನ ಹಿಂದಿನ ಸಾಲಿನಲ್ಲಿ ಮುದುಡಿ ಕೂತಾಗ, ಅವರು ಬಲಬದಿಯಿಂದ ತೆರೆಯುವ ಪ್ರಾರ್ಥನಾ ಪುಸ್ತಕದ ಸರಿಯಾದ ಪುಟವನ್ನು ತೆಗೆದು, ಸಾಲಿನ ಮೇಲೆ ಬೆರಳಿಟ್ಟು, ಏನೂ ಹೇಳದೆ ಪಕ್ಕದಲ್ಲಿ ನಿಲ್ಲುತ್ತಿದ್ದರು ಎಂಬಂಥ ಒಂದು ಸಂಗತಿ ಹತ್ತು ವಿಶೇಷಣಗಳ ಕೆಲಸ ಮಾಡುತ್ತದೆ. ಬರಹದಲ್ಲಿ ಅವರ ಹೆಸರಿನ ನಂತರ ‘ಅವರ ಸ್ಮರಣೆ ಆಶೀರ್ವಾದವಾಗಲಿ’ ಎಂದು ಸೇರಿಸುವುದು ಯಹೂದಿಗಳ ವಾಡಿಕೆ.

ತಂದೆತಾಯಿಗಾಗಿ ಮಕ್ಕಳು ಹನ್ನೊಂದು ತಿಂಗಳು ಹೇಳುವ ಕಡ್ಡಿಶ್ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಯಹೂದಿಗಳು ಕೂಡಬೇಕು. ಸಾಂಪ್ರದಾಯಿಕರಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ. ಕೊಚ್ಚಿಯಂಥ ಊರುಗಳಲ್ಲಿ ಇಷ್ಟು ಜನರನ್ನು ಸೇರಿಸುವುದೇ ದೊಡ್ಡ ಪ್ರಯಾಸ. ಹೊರಗಿನವರು ಈ ಎಣಿಕೆಗೆ ಸೇರುವುದಿಲ್ಲವಾದರೂ, ದೂರದಲ್ಲಿರುವ ವೃದ್ಧರನ್ನು ಕಾರಿನಲ್ಲಿ ಕರೆತಂದು ಮನೆಗೆ ಬಿಡುವುದು ಯಾವ ಭಾಷಣಕ್ಕಿಂತಲೂ ಉಪಯುಕ್ತವಾದ ಗೌರವ ಎಂದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಗಟ್ಟಿಯಾದ ಸ್ಮರಣೆಯೆಂದರೆ ಅವರ ಕೈಯಲ್ಲಿದ್ದ ಒಂದು ಕೆಲಸವನ್ನು ವಹಿಸಿಕೊಳ್ಳುವುದು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್‌ನ ಬೀದಿಯಲ್ಲಿ ಸಾರಾ ಕೊಹೆನ್ ಕಸೂತಿ ಅಂಗಡಿ ನಡೆಸುತ್ತಿದ್ದರು. ಯಹೂದಿ ಟೋಪಿಗಳು, ಸಬ್ಬತ್‌ನ ರೊಟ್ಟಿಗೆ ಮುಚ್ಚುವ ಬಟ್ಟೆಗಳು ಅಲ್ಲಿ ಸಿದ್ಧವಾಗುತ್ತಿದ್ದವು. ಅವರು 2019ರ ಆಗಸ್ಟ್‌ನಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹುಡುಗನಾಗಿದ್ದಾಗಿನಿಂದ ಆ ಮನೆಯ ಒಡನಾಟದಲ್ಲಿ ಬೆಳೆದು, ಮುಪ್ಪಿನಲ್ಲಿ ಅವರನ್ನು ನೋಡಿಕೊಂಡ ಮುಸ್ಲಿಂ ಗೆಳೆಯ ತಾಹಾ ಇಬ್ರಾಹಿಂ, ಸಾರಾ ಅವರ ಅಂಗಡಿಯನ್ನೂ ನೆನಪುಗಳನ್ನೂ ಉಳಿಸಿಕೊಂಡು ಬಂದರು. ನಿಮ್ಮ ಪಾಲಿಗೆ ಬರುವುದು ಇಷ್ಟು ದೊಡ್ಡದಾಗಬೇಕಿಲ್ಲ. ನಿಮ್ಮನ್ನು ಅಗಲಿದವರು ಶುಕ್ರವಾರ ಮಧ್ಯಾಹ್ನ ಒಂಟಿ ವೃದ್ಧರಿಗೆ ಫೋನ್ ಮಾಡುತ್ತಿದ್ದರೆ, ಆ ಪಟ್ಟಿಯನ್ನು ಕೇಳಿ ಪಡೆಯಿರಿ. ಹಣ ಕೊಡುವವರು ಅವರು ನೆಚ್ಚಿದ ಕಾರ್ಯಕ್ಕೆ ಅವರ ಹೆಸರಿನಲ್ಲಿ ದಾನ ಮಾಡಬಹುದು; ‘ಜೀವ’ ಎಂಬರ್ಥದ ಹೀಬ್ರೂ ಪದದ ಅಕ್ಷರಗಳ ಮೌಲ್ಯ 18 ಆಗಿರುವುದರಿಂದ, 180, 1,800 ಹೀಗೆ ಅದರ ಗುಣಕಗಳಲ್ಲಿ ಕೊಡುವವರು ಹೆಚ್ಚು.

ವರ್ಷದ ಪುಣ್ಯದಿನವನ್ನು ನಮ್ಮ ತಿಥಿಯಂತೆ ಅವರ ಪಂಚಾಂಗದ ಪ್ರಕಾರವೇ ಲೆಕ್ಕ ಹಾಕುತ್ತಾರೆ. ಹೀಬ್ರೂ ದಿನ ಸೂರ್ಯಾಸ್ತದಿಂದ ಶುರುವಾಗುವ ಕಾರಣ, 24 ಗಂಟೆ ಉರಿಯುವ ದೀಪವನ್ನು ಹಿಂದಿನ ಸಂಜೆಯೇ ಹಚ್ಚುತ್ತಾರೆ. ಇಂಗ್ಲಿಷ್ ತಾರೀಖು ಪ್ರತಿವರ್ಷ ಬದಲಾಗುತ್ತದೆ. ಆದ್ದರಿಂದ ಮುಂದಿನ ಐದಾರು ವರ್ಷಗಳ ದಿನಾಂಕಗಳನ್ನು ಮನೆಯವರಿಂದ ಕೇಳಿ ಒಮ್ಮೆಲೇ ಬರೆದಿಟ್ಟುಕೊಳ್ಳಿ. ಸಮಾಧಿಗೆ ಹೋದಾಗ, ಅದು ಮುಂಬಯಿಯಲ್ಲಿರಲಿ, ಬೆಂಗಳೂರಿನ ಮೈಸೂರು ರಸ್ತೆಯ ಬಳಿಯ ಯಹೂದಿ ಸ್ಮಶಾನದಲ್ಲಿರಲಿ, ಹೂವಿನ ಬದಲು ಒಂದು ಸಣ್ಣ ಕಲ್ಲನ್ನು ಸಮಾಧಿಯ ಮೇಲಿಟ್ಟು ಬನ್ನಿ. ಸಬ್ಬತ್ ಮತ್ತು ಹಬ್ಬದ ದಿನಗಳಲ್ಲಿ ಸ್ಮಶಾನಕ್ಕೆ ಹೋಗುವ ಪದ್ಧತಿಯಿಲ್ಲ. ಪುಣ್ಯದಿನ ಶನಿವಾರ ಬಿದ್ದರೆ ಯಾವಾಗ ಹೋಗಬೇಕೆಂಬುದನ್ನು ಮನೆಯವರೇ ತಿಳಿಸುತ್ತಾರೆ.